ಬೆಂಗಳೂರಿನಲ್ಲಿ ಒಂದು ರಾತ್ರಿ: ತಂಗುವುದೆಲ್ಲಿ, ಉಣ್ಣುವುದೆಲ್ಲಿ?

ಏಪ್ರಿಲ್ ತಿಂಗಳು ಬಂದಿತೆಂದರೆ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಕಡೆಯ ಕನ್ನಡ ಅಧ್ಯಾಪಕರ ದೂರವಾಣಿಗೆ ಬಿಡುವಿರುವುದಿಲ್ಲ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೆ ಇಂಟರ್ ಓದಿದ ಮಕ್ಕಳಲ್ಲಿ ಕೆಲವರು ಕರ್ನಾಟಕದ ಸಿಇಟಿಗೆ ಅರ್ಜಿ ಹಾಕಿರುತ್ತಾರೆ. ಹೊರನಾಡು ಹಾಗೂ ಗಡಿನಾಡು ಕನ್ನಡಿಗರ ವಿಭಾಗದಲ್ಲಿ ಅರ್ಹತೆ ಕೋರುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಆ ಪರೀಕ್ಷೆಯ ಮಟ್ಟ ನಾಲ್ಕನೆಯ ತರಗತಿಯದು. ಹತ್ತು ವರ್ಷ ಗಣಿತ, ವಿಜ್ಞಾನಗಳನ್ನೂ ಕನ್ನಡದಲ್ಲಿಯೇ ಕಲಿತ ನಮ್ಮ ಮಕ್ಕಳಿಗೆ ಅದು ಕಷ್ಟವೇನಲ್ಲ. ಆದಕಾರಣ ಪೋಷಕರು ಪರೀಕ್ಷೆಯ ವಿಷಯವನ್ನು ಕೇಳುವುದು ಕಡಮೆ. "ಹಿಂದಿನ ರಾತ್ರಿ ಬೆಂಗಳೂರಲ್ಲಿ ಎಲ್ಲಿ ಇರೋದು ಸಾರ್? ಎಷ್ಟು ಖರ್ಚಾದೀತು?" ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ನಾನು ಬಹಳ ಕಾಲ ಹಗುರವಾಗಿ ತೆಗೆದುಕೊಂಡಿದ್ದೆ. ಕಲ್ಯಾಣದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿ ಅರ್ಜಿಯ ಶುಲ್ಕವನ್ನು ಕಟ್ಟಿಯೂ ಪರೀಕ್ಷೆಗೆ ಹೋಗದೆ ಉಳಿದಳೆಂದು ತಿಳಿದ ಮೇಲೆ ಹಾಗೆ ಮಾಡುವುದನ್ನು ಬಿಟ್ಟೆನು. ಅವಳ ತಂದೆ ಎರಡೆಕರೆ ಶೇಂಗಾ ಬೆಳೆಯುವ ರೈತರು. ಮೂವರು ಹೋಗಿ ಬರಲು ಹತ್ತು ಸಾವಿರ ರೂಪಾಯಿಯಾದರೂ ಬೇಕೆಂದು ಊರಿನಲ್ಲಿ ಯಾರೋ ಹೇಳಿದ್ದರಂತೆ. ಮರುವರ್ಷ ಅವಳ ತಂಗಿಯ ಸರದಿ ಬಂದಾಗ ತಂದೆ ಮುಂಚಿತವಾಗಿಯೇ ನನ್ನನ್ನು ಕೇಳಿದರು. ನಾನು ಹೇಳಿದ್ದು, ಅವರು ಹೋಗಿಬಂದು ನನಗೆ ಹೇಳಿದ್ದು, ಮೂವತ್ತು ವರ್ಷಗಳಿಂದ ಮಕ್ಕಳನ್ನು ಕರೆದುಕೊಂಡು ಆ ನಗರಕ್ಕೆ ಹೋಗಿಬರುವಾಗ ನಾನು ಕಂಡದ್ದು, ಇವೆಲ್ಲ ಸೇರಿ ಈ ಬರಹವಾಗಿದೆ.

ಮೊದಲು ಒಂದು ಶಬ್ದದ ಮಾತು. ಇಂಗ್ಲಿಷ್ ಪಠ್ಯದಲ್ಲಿ 'ಹೋಟೆಲ್' ಎಂದರೆ ತಂಗುವ ಸ್ಥಳ. ನಮ್ಮ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದು ತಿಂಡಿ ಊಟಗಳ ಸ್ಥಳ; ಮಲಗುವುದಕ್ಕೆ 'ಲಾಡ್ಜ್' ಬೇರೆ. ಮೊಬೈಲಿನಲ್ಲಿ 'ಹೋಟೆಲ್' ಎಂದು ಹುಡುಕಿದ ಪೋಷಕರೊಬ್ಬರಿಗೆ ದಿನಕ್ಕೆ ಆರು ಸಾವಿರ ರೂಪಾಯಿಯ ಕೊಠಡಿಗಳೇ ಸಾಲಾಗಿ ಕಾಣಿಸಿ, ಅವರು ಗಾಬರಿಯಿಂದ ನನಗೆ ಫೋನ್ ಮಾಡಿದ್ದುಂಟು. ನಮಗೆ ಬೇಕಾದ ಸ್ಥಳಗಳು ಫಲಕದ ಮೇಲೆ 'ವಸತಿಗೃಹ', 'ಲಾಡ್ಜ್', 'ಛತ್ರ', 'ಯಾತ್ರಿ ನಿವಾಸ' ಎಂದು ಬರೆದುಕೊಂಡಿರುತ್ತವೆ. ಅವುಗಳಲ್ಲಿ ಎಷ್ಟೋ ಮೊಬೈಲಿನ ಪಟ್ಟಿಗೆ ಬರುವುದೇ ಇಲ್ಲ.

ರಾತ್ರಿ ತಂಗುವುದು ಅಗತ್ಯವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಈ ವಿಷಯದಲ್ಲಿ ಹಿಂದೂಪುರದವರೂ ಕಲ್ಯಾಣದುರ್ಗದವರೂ ಒಂದೇ ಅಲ್ಲ. ಹಿಂದೂಪುರ ಬೆಂಗಳೂರಿನ ರೈಲುಮಾರ್ಗದಲ್ಲಿಯೇ ಇದೆ. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ ದಾಟಿದರೆ ನಗರ ಬಂದೇಬಿಟ್ಟಿತು; ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದೂರ. ಮಧ್ಯಾಹ್ನದ ಕೆಲಸಕ್ಕಾದರೆ ಮುಂಜಾನೆಯ ಗಾಡಿಯಲ್ಲಿ ಹೋಗಿ ರಾತ್ರಿಯ ಹೊತ್ತಿಗೆ ಮನೆ ಸೇರಬಹುದು. ಪರೀಕ್ಷೆ ಬೆಳಗಿನದಾಗಿದ್ದರೆ ಮಾತ್ರ ಗಾಡಿಯನ್ನು ನಂಬಬಾರದು. ಒಂಟಿ ಸಿಗ್ನಲ್ಲಿನಲ್ಲಿ ನಲವತ್ತು ನಿಮಿಷ ನಿಂತ ಗಾಡಿಯೊಳಗೆ ಕುಳಿತು ಗಡಿಯಾರ ನೋಡುವ ಹುಡುಗನ ಮುಖವನ್ನು ನಾನು ನೋಡಿದ್ದೇನೆ.

ಕಲ್ಯಾಣದುರ್ಗ, ಕುಂದುರ್ಪಿ, ಶೆಟ್ಟೂರುಗಳವರಿಗೆ ಈ ಆಯ್ಕೆಯಿಲ್ಲ. ಪಾವಗಡ, ಮಧುಗಿರಿಗಳ ಮೇಲೆ ಹೋಗುವ ಬಸ್ಸಿನ ದಾರಿ ಇನ್ನೂರು ಕಿಲೋಮೀಟರಿನ ಆಸುಪಾಸು. ರಾಯದುರ್ಗ–ತುಮಕೂರು ರೈಲುಮಾರ್ಗ ಪೂರ್ತಿಯಾದ ದಿನ ಕಥೆ ಬೇರೆಯಾದೀತು. ಈಗಂತೂ ಹಿಂದಿನ ದಿನವೇ ಹೊರಡಬೇಕು. ಬಸ್ಸಿನ ಖರ್ಚಿನ ಬಗೆಗೆ ತಾಯಂದಿರಿಗೆ ಒಂದು ಸೂಚನೆ. ಕರ್ನಾಟಕದಲ್ಲಿ ೨೦೨೩ರ ಜೂನ್ ೧೧ರಿಂದ ನಡೆಯುತ್ತಿರುವ 'ಶಕ್ತಿ' ಯೋಜನೆಯ ಉಚಿತ ಪ್ರಯಾಣವು ಆ ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ಮಾತ್ರ. ನಮ್ಮ ಆಧಾರ್ ಚೀಟಿಯಲ್ಲಿ ಆಂಧ್ರದ ವಿಳಾಸವಿರುವುದರಿಂದ ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ೨೦೨೫ರ ಆಗಸ್ಟ್ ೧೫ರಂದು ಆಂಧ್ರದಲ್ಲಿ ಆರಂಭವಾದ 'ಸ್ತ್ರೀಶಕ್ತಿ' ಉಚಿತ ಪ್ರಯಾಣವು ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸದು. ಗಡಿಯ ಮಹಿಳೆಗೆ ಎರಡೂ ಕಡೆ ಶಕ್ತಿ ಇದೆ, ಗಡಿ ದಾಟುವಾಗ ಮಾತ್ರ ಇಲ್ಲ!

ಇನ್ನು ತಂಗುವ ವಿಚಾರ. ಅಗ್ಗದ ಕೊಠಡಿಯನ್ನು ಹುಡುಕುವವರು ಸಾಮಾನ್ಯವಾಗಿ ಬಾಡಿಗೆಯೊಂದನ್ನೇ ನೋಡುತ್ತಾರೆ. ಬೆಳಿಗ್ಗೆ ಹೋಗಬೇಕಾದ ಸ್ಥಳ ಯಾವುದೆಂದು ಮೊದಲು ನೋಡುವುದು ಲೇಸು. ಇನ್ನೂರು ರೂಪಾಯಿ ಕಡಮೆಯೆಂದು ನಗರದ ಇನ್ನೊಂದು ತುದಿಯಲ್ಲಿ ಮಲಗಿದವರು ಬೆಳಿಗ್ಗೆ ಆಟೋದವನಿಗೆ ನಾನೂರು ಕೊಡುತ್ತಾರೆ. ಪರೀಕ್ಷಾ ಪ್ರಾಧಿಕಾರದ ಕಚೇರಿ ಮಲ್ಲೇಶ್ವರದ ೧೮ನೆಯ ಅಡ್ಡರಸ್ತೆಯಲ್ಲಿದೆ. ಪರೀಕ್ಷೆಯ ಕೇಂದ್ರ ಯಾವುದೆಂಬುದನ್ನು ಪ್ರವೇಶಪತ್ರದಲ್ಲಿಯೇ ನೋಡಿಕೊಳ್ಳತಕ್ಕದ್ದು. ಕೇಂದ್ರ ಮಲ್ಲೇಶ್ವರ, ರಾಜಾಜಿನಗರಗಳ ಕಡೆ ಬಿದ್ದರೆ ರೈಲಿನವರಿಗೆ ಯಶವಂತಪುರ ಅನುಕೂಲ. ಮಧುಗಿರಿ ಮಾರ್ಗದ ಬಸ್ಸುಗಳೂ ಸಾಮಾನ್ಯವಾಗಿ ತುಮಕೂರು ರಸ್ತೆಯಿಂದ ನಗರವನ್ನು ಪ್ರವೇಶಿಸುವುದರಿಂದ ಅವರಿಗೂ ಆ ಭಾಗವೇ ಹತ್ತಿರ. ಬೇರೆಲ್ಲಿಯೇ ಬಿದ್ದರೂ ಮೆಜೆಸ್ಟಿಕ್ಕಿನ ಸುತ್ತಲೇ ತಂಗುವುದು ಮೇಲು. ಹಸಿರು, ನೇರಳೆ ಎರಡೂ ಮೆಟ್ರೋ ಮಾರ್ಗಗಳು ಅಲ್ಲಿ ಕೂಡುತ್ತವೆ. ಅಲ್ಲಿಂದ ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವೇ ಸಂಪಿಗೆ ರಸ್ತೆ.

ಮೆಜೆಸ್ಟಿಕ್ಕಿನಲ್ಲಿ ಇಳಿದವರು ಮೊದಲು ವಿಚಾರಿಸಬೇಕಾದುದು ಗುಬ್ಬಿ ತೋಟದಪ್ಪನವರ ಛತ್ರವನ್ನು. ತೋಟದಪ್ಪನವರು ತುಮಕೂರು ಜಿಲ್ಲೆಯ ಗುಬ್ಬಿಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದವರು. ರೈಲು ಇಳಿದ ಪರವೂರಿನವರು ರಾತ್ರಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುವುದನ್ನು ಕಂಡೇ ಇರಬೇಕು, ಅವರು ಆರಿಸಿದ ಜಾಗ ರೈಲು ನಿಲ್ದಾಣದ ಎದುರಿನದು. ೧೮೯೭ರಲ್ಲಿ ಆ ಭೂಮಿಯನ್ನು ಕೊಂಡು, ೧೯೦೩ರಲ್ಲಿ ಪ್ರಯಾಣಿಕರಿಗೆ ಉಚಿತ ತಂಗುದಾಣವನ್ನೂ ವಿದ್ಯಾರ್ಥಿಗಳಿಗೆ ನಿಲಯವನ್ನೂ ತೆರೆದರು. ಮೈಸೂರಿನ ಅರಸರು ಅವರಿಗೆ 'ಧರ್ಮಪ್ರವರ್ತ' ಎಂಬ ಬಿರುದನ್ನಿತ್ತರು. ೧೯೧೦ರಲ್ಲಿ ಅವರು ತೀರಿಕೊಂಡರಾದರೂ ಅವರ ಹೆಸರಿನ ಧರ್ಮಸಂಸ್ಥೆ ಉಳಿದಿದೆ. ಎದುರಿನ ರಸ್ತೆಗೂ ಅವರದೇ ಹೆಸರು. ಇಂತಹ ಛತ್ರಗಳು ಇಂದು ನಿರ್ವಹಣೆಗೆಂದು ಶುಲ್ಕ ಪಡೆಯುತ್ತವೆ, ಆದರೂ ಅದು ಲಾಡ್ಜಿನ ಬಾಡಿಗೆಗಿಂತ ಕಡಮೆಯೇ. ಅಲ್ಲಿನ ಶಿಸ್ತಿಗೆ ಒಗ್ಗಿಕೊಳ್ಳಬೇಕು. ಸ್ಥಳ ಮೊದಲು ಬಂದವರಿಗೆ, ತಂಗುವ ದಿನಗಳಿಗೆ ಮಿತಿ, ರಾತ್ರಿ ಬಾಗಿಲು ಹಾಕುವ ಹೊತ್ತಿಗೊಂದು ನಿಯಮ. ಮದುವೆಯ ಮುಹೂರ್ತಗಳು ಹೆಚ್ಚಿರುವ ದಿನಗಳಲ್ಲಿ ನಗರದ ಬೇರೆ ಛತ್ರಗಳಲ್ಲಿ ಯಾತ್ರಿಕರಿಗೆ ಜಾಗವೇ ಸಿಗದು, ಮತ್ತು ನಮ್ಮ ಮಕ್ಕಳ ಪರೀಕ್ಷೆಗಳು ಬರುವುದೂ ಅದೇ ದಿನಗಳಲ್ಲಿ. ತಮ್ಮ ತಮ್ಮ ಸಮುದಾಯದ ಛತ್ರಗಳಲ್ಲಿ ವಿಚಾರಿಸುವವರು ಊರಿನ ಹಿರಿಯರಿಂದ ಒಂದು ಪತ್ರವನ್ನು ಕೊಂಡೊಯ್ದರೆ ಅನುಕೂಲ.

ರೈಲು ನಿಲ್ದಾಣದಲ್ಲಿಯೇ ವಿಶ್ರಾಂತಿ ಕೊಠಡಿಗಳಿವೆ. ಅವನ್ನು ಅಂತರ್ಜಾಲದಲ್ಲಿ ಕಾದಿರಿಸಲು ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಬೇಕು. ಪ್ಯಾಸೆಂಜರ್ ಗಾಡಿಯ ಸಾಮಾನ್ಯ ಟಿಕೆಟ್ಟಿನಲ್ಲಿ ಬರುವವರ ಬಳಿ ಅದಿರುವುದಿಲ್ಲ. ಎಕ್ಸ್‌ಪ್ರೆಸ್ ಗಾಡಿಯಲ್ಲಿ ಮುಂಗಡ ಟಿಕೆಟ್ ಮಾಡಿಸಿದವರು ಪ್ರಯತ್ನಿಸಬಹುದು.

ಉಳಿದಂತೆ ಲಾಡ್ಜ್. ಗಾಂಧಿನಗರ, ಕಾಟನ್‌ಪೇಟೆ, ಬಳೇಪೇಟೆ, ಚಿಕ್ಕಪೇಟೆಗಳ ಬೀದಿಗಳಲ್ಲಿ ಅವು ಒತ್ತೊತ್ತಾಗಿವೆ. ಹಿಂದೂಪುರದ ಬೆಲ್ಲ, ಹುಣಿಸೆಹಣ್ಣುಗಳ ವ್ಯಾಪಾರಿಗಳೂ ಸೀರೆ ಕೊಳ್ಳಲು ಹೋಗುವ ಅಂಗಡಿಯವರೂ ಈ ಬೀದಿಗಳನ್ನು ಬಲ್ಲರು. ಹೊರಡುವ ಮೊದಲು ಅಂತಹವರೊಬ್ಬರನ್ನು ವಿಚಾರಿಸಿದರೆ ಮೊಬೈಲಿನ ನೂರು ನಕ್ಷತ್ರಗಳಿಗಿಂತ ಹೆಚ್ಚಿನ ಮಾಹಿತಿ ದೊರೆಯುತ್ತದೆ. ನನ್ನ ಮಗನ ಪರೀಕ್ಷೆಯ ಕಾಲದಲ್ಲಿ ನಾನು ಹಾಗೆ ವಿಚಾರಿಸಲಿಲ್ಲ. ಫೋನಿನಲ್ಲಿ ಏಳುನೂರು ರೂಪಾಯಿ ಎಂದವರು, ರಾತ್ರಿ ಒಂಬತ್ತಕ್ಕೆ ಚೀಲ ಹೊತ್ತು ಮೇಜಿನ ಮುಂದೆ ನಿಂತಾಗ, "ಎಷ್ಟು ಜನ ಯಜಮಾನ್ರೇ? ಮೂರಾ? ಹಂಗಾದ್ರೆ ಎರಡು ರೂಮು" ಎಂದರು. ತೆರಿಗೆ ಬೇರೆ. ಬೆಳಿಗ್ಗೆ ಬಿಸಿನೀರು ಎಂಟರ ಮೇಲೆ. ಪರೀಕ್ಷೆಗೆ ಹೊರಡಬೇಕಾದದ್ದು ಏಳೂವರೆಗೆ. ಆ ಹೊತ್ತಿನಲ್ಲಿ ಬೇರೆ ಕಡೆ ಹುಡುಕುವ ಧೈರ್ಯ ನನಗಾಗಲಿಲ್ಲ. ಎರಡು ಕೊಠಡಿಗಳ ಹಣ ಕೊಟ್ಟು ತಣ್ಣೀರಿನಲ್ಲಿ ಮಿಂದು ಹೋದೆವು.

ಅಂದಿನಿಂದ ಫೋನಿನಲ್ಲಿಯೇ ಎಲ್ಲವನ್ನೂ ಬಿಡಿಸಿ ಕೇಳುವುದು ನನ್ನ ರೂಢಿ. ಎಷ್ಟು ಜನ ಎಂಬುದನ್ನು ಮೊದಲೇ ಹೇಳಿ, ಮೂರನೆಯವರಿಗೆ ಹಾಸಿಗೆಗೆ ಎಷ್ಟೆಂದು ಕೇಳಬೇಕು. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಬೇಕು. ೨೦೨೨ರ ಜುಲೈ ೧೮ಕ್ಕೆ ಮೊದಲು ದಿನಕ್ಕೆ ಸಾವಿರ ರೂಪಾಯಿಗಿಂತ ಕಡಮೆ ಬಾಡಿಗೆಯ ಕೊಠಡಿಗಳಿಗೆ ಜಿಎಸ್‌ಟಿ ಇರಲಿಲ್ಲ. ಅನಂತರ ಶೇಕಡಾ ೧೨ ಬಂದಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡಾ ೫ಕ್ಕೆ ಇಳಿದಿದೆ. ಈಗಲೂ ಯಾರಾದರೂ ೧೨ ಎಂದರೆ ರಸೀದಿ ಕೇಳಿರಿ. ಲೆಕ್ಕ ಇಪ್ಪತ್ತನಾಲ್ಕು ಗಂಟೆಯದೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ ಎಂಬುದು ಎಲ್ಲಕ್ಕಿಂತ ಮುಖ್ಯ. ಸಂಜೆ ಆರಕ್ಕೆ ಹೋದವರಿಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೇ ಲಾಭ: ಪರೀಕ್ಷೆ ಮುಗಿಸಿ ಬಂದು ಮುಖ ತೊಳೆದು, ಚೀಲ ತೆಗೆದುಕೊಂಡು ಸಾವಕಾಶವಾಗಿ ಹೊರಡಬಹುದು. ಹಣ ಕೊಡುವ ಮೊದಲು ಕೊಠಡಿಯನ್ನು ನೋಡಿರಿ. ಬಾಗಿಲಿನ ಒಳಚಿಲಕ, ನಲ್ಲಿಯಲ್ಲಿ ನೀರು, ಫ್ಯಾನು, ಇಷ್ಟು ಸಾಕು. ಗೋಡೆಯ ಬಣ್ಣ ಹೇಗಿದ್ದರೂ ಒಂದು ರಾತ್ರಿ ಕಳೆಯುತ್ತದೆ. ರಸ್ತೆಯ ಕಡೆಯ ಕೊಠಡಿ ಬೇಡವೆನ್ನಿರಿ, ಮಕ್ಕಳಿಗೆ ನಿದ್ದೆ ಬರಲಿ. ಎಲ್ಲರ ಗುರುತಿನ ಚೀಟಿಗಳ ನಕಲನ್ನೂ ಇಟ್ಟುಕೊಂಡಿರಬೇಕು. ಮೂಲಚೀಟಿಯನ್ನು ತೋರಿಸಿ ಹಿಂದಕ್ಕೆ ಪಡೆಯಿರಿ, ಮೇಜಿನವರ ಬಳಿ ಬಿಡಬೇಡಿ. ಪರೀಕ್ಷಾ ಕೇಂದ್ರದ ಬಾಗಿಲಿನಲ್ಲಿ ಅದೇ ಬೇಕಾಗುತ್ತದೆ. ಬಸ್ ನಿಲ್ದಾಣದಲ್ಲಿ ಕೈಹಿಡಿದು "ರೂಮ್ ಬೇಕಾ" ಎನ್ನುವವರ ಹಿಂದೆ ಹೋಗಬೇಡಿ. ಅವರ ದಲ್ಲಾಳಿತನದ ಹಣವೂ ನಿಮ್ಮ ಬಾಡಿಗೆಯಲ್ಲಿಯೇ ಸೇರಿರುತ್ತದೆ.

ಊಟದ ವಿಷಯದಲ್ಲಿ ಬೆಂಗಳೂರು ನಮಗೆ ಅಷ್ಟು ಕಠಿಣವಾದ ಊರಲ್ಲ. ಅದಕ್ಕೆ ಕಾರಣ ದರ್ಶಿನಿಗಳು. ೧೯೮೩ರಲ್ಲಿ ಜಯನಗರದಲ್ಲಿ 'ಕೆಫೆ ದರ್ಶಿನಿ' ಎಂಬ ಹೆಸರಿನಿಂದ ಆರಂಭವಾದ ಪದ್ಧತಿ ಇದು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ಕಿಟಕಿಯಲ್ಲಿ ಚೀಟಿ ಕೊಟ್ಟು ತಟ್ಟೆ ಪಡೆಯುವುದು, ಎತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಕುರ್ಚಿಯಿಲ್ಲ, ಮಾಣಿಯಿಲ್ಲ, ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲುವುದಿಲ್ಲ. ಚಿಕ್ಕ ಜಾಗದಲ್ಲಿ ಬಹಳ ಜನ ತಿನ್ನುವುದರಿಂದ ಬೆಲೆ ಇಳಿಯುತ್ತದೆ, ಇಡ್ಲಿಯೂ ಸದಾ ಬಿಸಿಯಾಗಿರುತ್ತದೆ. ಆಗ್ನೇಯ ಏಷ್ಯದ ಸಿಂಗಪುರದಲ್ಲಿ ಬೀದಿಬದಿಯ ತಿಂಡಿ ಮಾರಾಟಗಾರರನ್ನು ಸರ್ಕಾರವೇ ನೀರು, ಚರಂಡಿಗಳಿರುವ ಸೂರಿನಡಿಗೆ ತಂದು ಕೂರಿಸಿತು. ಬಡವನೂ ಅಧಿಕಾರಿಯೂ ಒಂದೇ ಕಡೆ ಉಣ್ಣುವ ಆ ಪದ್ಧತಿಯನ್ನು ೨೦೨೦ರಲ್ಲಿ ಯುನೆಸ್ಕೊ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದರ್ಶಿನಿಗಳು ಯಾವ ಪಟ್ಟಿಯಲ್ಲಿಯೂ ಇಲ್ಲ, ಯಾವ ಸರ್ಕಾರವೂ ಅವನ್ನು ಕಟ್ಟಲಿಲ್ಲ.

ಮಲ್ಲೇಶ್ವರದಲ್ಲಿ ಕೆಲಸವಿರುವವರಿಗೆ ಮಾರ್ಗೋಸಾ ರಸ್ತೆ, ೧೫ನೆಯ ಅಡ್ಡರಸ್ತೆಯ ವೀಣಾ ಸ್ಟೋರ್ಸ್ ಹತ್ತಿರ. ಅಲ್ಲಿಯೂ ನಿಂತೇ ತಿನ್ನಬೇಕು. ಇಡ್ಲಿ, ಚಟ್ನಿಗಳಿಗೆ ಹೆಸರಾದ ಚಿಕ್ಕ ಅಂಗಡಿ. ಮೆಜೆಸ್ಟಿಕ್ಕಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣಭವನವಿದೆ. ಹೆಸರಾಂತ ಹಳೆಯ ಹೋಟೆಲುಗಳನ್ನು ಪರೀಕ್ಷೆಯ ಬೆಳಿಗ್ಗೆ ಹುಡುಕಿಕೊಂಡು ಹೋಗಬೇಡಿ. ಸಾಲು ಉದ್ದ, ಹೊತ್ತು ಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹೋಗಲು ಅಡ್ಡಿಯಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ೧೯೪೩ರಲ್ಲಿ ಆರಂಭವಾದಾಗ ಸುತ್ತಲಿನ ಶಾಲಾಮಕ್ಕಳಿಗೆಂದೇ ಆ ಹೆಸರನ್ನಿಟ್ಟರು, ನಮ್ಮ ಮಕ್ಕಳಿಗೆ ಅದನ್ನು ತೋರಿಸುವುದು ನ್ಯಾಯವೇ ಸರಿ. ಶುಕ್ರವಾರ ಅದಕ್ಕೆ ರಜೆ ಎಂಬುದು ನೆನಪಿರಲಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ೧೯೨೪ರಷ್ಟು ಹಳೆಯದು, ಅಲ್ಲಿ ಸೋಮವಾರ ರಜೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗಳನ್ನು ಸರ್ಕಾರ ಬಲವಂತದಿಂದ ಇಳಿಸಿದಾಗ ಆ ಹೋಟೆಲು ನಷ್ಟ ತಾಳಲಾರದೆ ಮುಚ್ಚಬೇಕಾಯಿತು. ಆಗ ಅವರು ತಿಂಡಿಯ ಹಿಟ್ಟುಗಳನ್ನು ಪೊಟ್ಟಣಕಟ್ಟಿ ಮಾರುವ ವ್ಯಾಪಾರಕ್ಕೆ ಇಳಿದರು. ಇಂದು ನಮ್ಮ ಹಿಂದೂಪುರದ ಅಂಗಡಿಗಳಲ್ಲಿಯೂ ಆ ಪೊಟ್ಟಣ ದೊರೆಯುತ್ತದೆ.

ಇನ್ನೂ ಕಡಮೆಯಲ್ಲಿ ಉಣ್ಣಬೇಕೆನ್ನುವವರಿಗೆ ಇಂದಿರಾ ಕ್ಯಾಂಟೀನುಗಳಿವೆ. ೨೦೧೭ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ತಿಂಡಿಗೆ ೫ ರೂಪಾಯಿ, ಊಟಕ್ಕೆ ೧೦ ರೂಪಾಯಿ ಎಂದು ಗೊತ್ತುಮಾಡಿದರು. ನಮ್ಮ ಆಂಧ್ರದ ಅನ್ನ ಕ್ಯಾಂಟೀನುಗಳಲ್ಲಿ ಹೊತ್ತಿಗೆ ೫ ರೂಪಾಯಿ. ಅವು ೨೦೧೮ರಲ್ಲಿ ತೆರೆದು, ೨೦೧೯ರಲ್ಲಿ ಮುಚ್ಚಿ, ೨೦೨೪ರ ಆಗಸ್ಟ್‌ನಲ್ಲಿ ಮತ್ತೆ ತೆರೆದವು. ಇಂದಿರಾ ಕ್ಯಾಂಟೀನಿನಲ್ಲಿ ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋಗಬೇಕು, ತಡವಾದರೆ ಅನ್ನ ಮುಗಿದಿರುತ್ತದೆ. ಅಲ್ಲಿ ಉಣ್ಣಲು ಸಂಕೋಚಪಡುವ ಪೋಷಕರನ್ನು ನೋಡಿದ್ದೇನೆ, ನನಗೆ ಆ ಸಂಕೋಚ ಅರ್ಥವಾಗುವುದಿಲ್ಲ. ರಾಗಿಮುದ್ದೆಯಿಲ್ಲದೆ ಹೊಟ್ಟೆ ತುಂಬದವರಿಗೆ ಕಾಟನ್‌ಪೇಟೆಯ ಕಡೆ ಮಿಲಿಟರಿ ಹೋಟೆಲುಗಳಿವೆ. ಪರೀಕ್ಷೆಗೆ ಮುಂಚೆ ಮಾಂಸದೂಟ ಬೇಡವೆಂದು ಮಾತ್ರ ಹೇಳುತ್ತೇನೆ.

ಎಲ್ಲಕ್ಕಿಂತ ಅಗ್ಗವಾದುದು ಮನೆಯ ಬುತ್ತಿ. ಮೊದಲ ರಾತ್ರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿಮೊಸರು ಇದ್ದರೆ ಊಟದ ಚಿಂತೆಯೇ ಇಲ್ಲ. ಚಿತ್ರಾನ್ನವನ್ನು ಬೇಸಗೆಯ ಬಸ್ಸಿನಲ್ಲಿ ಎಂಟು ಗಂಟೆ ಇಡಬೇಡಿ. ಕೊಠಡಿಯಲ್ಲಿ ಉಣ್ಣಲು ಹೆಚ್ಚಿನ ಲಾಡ್ಜುಗಳವರು ಬೇಡವೆನ್ನುವುದಿಲ್ಲ. ಎಲೆ, ಕಾಗದಗಳನ್ನು ಕಟ್ಟಿ ಬುಟ್ಟಿಗೆ ಹಾಕಿ ಬರುವುದು ನಮ್ಮ ಮರ್ಯಾದೆ.

ಚಿಕಿತ್ಸೆಗೆಂದು ಹೋಗುವವರ ವಿಷಯ ಬೇರೆಯೇ ಒಂದು ಲೇಖನವಾದೀತು. ಇಲ್ಲಿ ಇಷ್ಟು ಹೇಳಿದರೆ ಸಾಕು: ಕಿದ್ವಾಯಿ, ನಿಮ್ಹಾನ್ಸ್‌ನಂತಹ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗಾಗಿ ಧರ್ಮಶಾಲೆಗಳಿವೆ, ಹೊರಗೆ ಕೊಠಡಿ ಹಿಡಿಯುವ ಮೊದಲು ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ಕೇಳಿರಿ.

ಕಲ್ಯಾಣದುರ್ಗದ ಆ ಕುಟುಂಬ ಹಿಂದಿನ ದಿನ ಮಧ್ಯಾಹ್ನವೇ ಹೊರಟಿತು. ಛತ್ರದಲ್ಲಿ ಅಂದು ಸ್ಥಳವಿರಲಿಲ್ಲ. ಫೋನಿನಲ್ಲಿ ಮಾತಾಡಿಟ್ಟಿದ್ದ ಬಳೇಪೇಟೆಯ ಲಾಡ್ಜಿಗೆ ಹೋದರು. ತಂದೆ ತೆಲುಗು ಮಾಧ್ಯಮದಲ್ಲಿ ಐದನೆಯ ತರಗತಿಯವರೆಗೆ ಓದಿದವರು, ತಾಯಿಗೆ ಅಕ್ಷರ ಬಾರದು. ಮೆಜೆಸ್ಟಿಕ್ಕಿನ ಸುರಂಗದಾರಿಯಿಂದ ಹಿಡಿದು ಲಾಡ್ಜಿನ ಮೆಟ್ಟಿಲವರೆಗೆ ಫಲಕಗಳನ್ನು ಓದಿ ದಾರಿ ಹೇಳಿದವಳು ಮಗಳು. "ಅಪ್ಪಾ, ಇತ್ಲಾಗೆ" ಎನ್ನುತ್ತ ಅವಳು ಮುಂದೆ ನಡೆದಳು, ನಾವು ಹಿಂದೆ ನಡೆದೆವು ಎಂದು ಅವರು ನನಗೆ ಹೇಳಿದರು. ತೆಲುಗು ಲಿಪಿಯಲ್ಲಿ ಬರೆದಿಟ್ಟ ಚಿಕ್ಕ ಪುಸ್ತಕದ ಲೆಕ್ಕವನ್ನೂ ತೋರಿಸಿದರು. ಮೂವರ ಬಸ್ಸು ಹೋಗಿಬರಲು ೧,೬೮೦ ರೂಪಾಯಿ. ಹೆಚ್ಚಿನ ಹಾಸಿಗೆ, ತೆರಿಗೆ ಸೇರಿ ಕೊಠಡಿಗೆ ೧,೦೦೦. ರಾತ್ರಿ ಮನೆಯ ಬುತ್ತಿ, ಕಾಫಿಗೆ ೬೦. ಬೆಳಗಿನ ತಿಂಡಿ ೨೧೦, ಮಧ್ಯಾಹ್ನದ ಊಟ ೩೦೦. ಮೆಟ್ರೋ, ಆಟೋ ಸೇರಿ ೨೪೦. ಒಟ್ಟು ೩,೪೯೦. ಹತ್ತು ಸಾವಿರವೆಂದು ಹೇಳಿದವರು ಯಾರೆಂದು ನಾನು ಕೇಳಿದೆ. ಅವರು ಹೆಸರು ಹೇಳಲಿಲ್ಲ. "ನಾನೂ ಲೆಕ್ಕ ಹಾಕಬೇಕಿತ್ತು ಸಾರ್" ಎಂದರು.

ಲೆಕ್ಕದ ಕೆಳಗೆ ಬೇರೆ ಶಾಯಿಯಲ್ಲಿ ೧೫೦ ಎಂದು ಇನ್ನೊಂದು ಸಾಲಿತ್ತು. ಪರೀಕ್ಷೆ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲಿಗೆ ಹೋಗಿ ಮಗಳು ಒಂದು ಇಂಗ್ಲಿಷ್–ಕನ್ನಡ ನಿಘಂಟನ್ನು ಕೊಂಡಳಂತೆ. ಅನಂತಪುರದಲ್ಲಿ ಡಿಗ್ರಿ ಓದುತ್ತಿರುವ ಅಕ್ಕನಿಗೆಂದು.